ಗೋವಿನಜೋಳ ರೈಲಿಗೆ ಹಾಕೋದಾ, ಲಾರಿಗಾ?

ಹಾವೇರಿ ಕಡೆಯ ರೈತ ಉತ್ಪಾದಕ ಕಂಪನಿ ನಮ್ಮದು. ಈ ಸಲ ಗೋವಿನಜೋಳವನ್ನು ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಮಿಲ್‌ಗಳಿಗೆ ರೈಲಿನಲ್ಲಿ ಕಳಿಸುವ ಯೋಚನೆ ಇದೆ. ಲಾರಿ ಬಾಡಿಗೆ ಕೊಟ್ಟು ಸಾಕಾಗಿದೆ. ಕಳಿಸಿದವರು ಯಾರಾದರೂ ಇದ್ದರೆ ಹೇಳಿ.

— ಸರ್, ಮೊದಲು ಮಾಲು ಎಷ್ಟಿದೆ ನೋಡಿಕೊಳ್ಳಿ. 42 ವ್ಯಾಗನ್‌ನ ಒಂದು ರೇಕ್ (ಅಂದರೆ ಒಂದು ಇಡೀ ಗೂಡ್ಸ್ ರೈಲು) ತುಂಬಲು ಸುಮಾರು 25,000 ಕ್ವಿಂಟಲ್ ಬೇಕು. 60 ಕೆಜಿ ಚೀಲವಾದರೆ ವ್ಯಾಗನ್‌ಗೆ ಸಾವಿರ ಚೀಲ. ಒಂದೇ ಸಂಘಕ್ಕೆ ಇದು ಕಷ್ಟ. ನಾವು ಮೂರು ಸಂಘ ಸೇರಿ ಕಳಿಸಿದ್ದೆವು. ಕಡಿಮೆ ವ್ಯಾಗನ್‌ನ ಮಿನಿ ರೇಕ್ ಬಗ್ಗೆಯೂ ರೈಲ್ವೆಯ ಗೂಡ್ಸ್ ಶೆಡ್‌ನಲ್ಲಿ ವಿಚಾರಿಸಿ.

— ರೈಲು ಬಾಡಿಗೆ ಒಂದನ್ನೇ ನೋಡಿ ಮೋಸ ಹೋಗಬೇಡಿ ಅಣ್ಣ. ನಮ್ಮ ರೇಕ್ ಬಂದಿದ್ದು ದೀಪಾವಳಿ ಪಾಡ್ಯದ ರಾತ್ರಿ ಹನ್ನೊಂದಕ್ಕೆ. ಹಮಾಲರೆಲ್ಲ ಊರಿಗೆ ಹೋಗಿದ್ದರು. ಫೋನ್ ಮೇಲೆ ಫೋನ್ ಮಾಡಿ ಬೆಳಗಿನ ಜಾವ ಹನ್ನೆರಡು ಜನ ಸಿಕ್ಕರು. ಅಷ್ಟು ಜನರಿಂದ ಏನಾಗುತ್ತೆ? ತುಂಬಲು ಕೊಟ್ಟ ಸಮಯ ಮೀರಿದರೆ ಡೆಮರೇಜ್ (ತಡ ಮಾಡಿದ್ದಕ್ಕೆ ದಂಡ) ಬೀಳುವುದು ಪ್ರತಿ ವ್ಯಾಗನ್‌ಗೂ, ಗಂಟೆ ಲೆಕ್ಕದಲ್ಲಿ. ಉಳಿಸಿದ ಬಾಡಿಗೆಯಲ್ಲಿ ಅರ್ಧ ಅಲ್ಲೇ ಹೋಯಿತು. ಹಾಗಂತ ಮಾಲು ಮೊದಲೇ ತಂದು ಪ್ಲಾಟ್‌ಫಾರ್ಮ್ ಮೇಲೆ ಒಟ್ಟಿದರೆ, ಬಿಟ್ಟಿಯಾಗಿ ಇಡಲು ಬಿಟ್ಟ ಸಮಯ ಮೀರಿದ ಮೇಲೆ ವಾರ್ಫೇಜ್ (ಮಾಲು ಇಟ್ಟಿದ್ದಕ್ಕೆ ಶುಲ್ಕ) ಕಟ್ಟಬೇಕು, ಮಳೆ ಬಂದರೆ ತಾಡಪತ್ರಿಗೆ ಓಡಬೇಕು. ಹಮಾಲರ ಮೇಸ್ತ್ರಿಯನ್ನು ಗಟ್ಟಿ ಮಾಡಿಕೊಂಡೇ ರೇಕ್ ಬೇಕೆಂದು ರೈಲ್ವೆಗೆ ಇಂಡೆಂಟ್ (ಬೇಡಿಕೆ) ಹಾಕಿ.

— ನಮ್ಮದು ದಾವಣಗೆರೆ ಕಡೆ. ನಾನು ಒಂದು ಚೀಲವನ್ನೂ ರೈಲಿಗೆ ಹಾಕಿದವನಲ್ಲ, ಆದರೂ ರೈಲಿನಿಂದ ನನಗೆ ಲಾಭ ಆಗಿದೆ! ಯಾರೋ ದೊಡ್ಡ ವ್ಯಾಪಾರಿ ರೇಕ್ ತುಂಬಿಸುತ್ತಿದ್ದಾನೆ ಅಂದರೆ ಆ ವಾರ ಎಪಿಎಂಸಿಯಲ್ಲಿ ಕೇಳುವವರು ಜಾಸ್ತಿ. ಲಾರಿಯವರೂ ಬಾಡಿಗೆ ಇಳಿಸಿ ಮಾತಾಡ್ತಾರೆ. ನಿಮ್ಮಲ್ಲಿ 500 ಚೀಲ ಅಷ್ಟೇ ಇದ್ದರೆ ಸುಮ್ನೆ ಅಂಥವರಿಗೇ ಕೊಟ್ಟುಬಿಡಿ.

— ಒಂದು ವಿಷಯ ಯಾರೂ ಹೇಳಲಿಲ್ಲ. ಯೂರಿಯಾ ತರುವುದೂ ಇದೇ ಮುಚ್ಚಿದ ವ್ಯಾಗನ್‌ಗಳಲ್ಲೇ. ಗೊಬ್ಬರ ಇಳಿಸಿದ ವ್ಯಾಗನ್ ಬಂದರೆ ಮೂಲೆಮೂಲೆ ಗುಡಿಸಿಸಿ. ಕಾಳಿಗೆ ಗೊಬ್ಬರ ತಾಗಿದ್ದು ಕಂಡರೆ ಮಿಲ್‌ನವರು ಚೀಲ ಮುಟ್ಟಲ್ಲ. ಆಮೇಲೆ ಹೊರಗೆ ಒಬ್ಬರನ್ನು ನಿಲ್ಲಿಸಿ, ಹಗಲಲ್ಲಿ ಒಳಗೆ ನಿಂತು ಬಾಗಿಲು ಹಾಕಿಸಿಕೊಂಡು ತಲೆ ಎತ್ತಿ ನೋಡಿ. ಎಲ್ಲಿ ಬೆಳಕು ಕಾಣುತ್ತೋ ಅಲ್ಲಿಂದ ನೀರು ಬರುತ್ತೆ. ಆ ವ್ಯಾಗನ್ ಬೇಡ ಅಂತ ತುಂಬುವ ಮೊದಲೇ ಬರೆದುಕೊಡಿ.