ಒಂದು ಫಾರ್ವರ್ಡು, ಒಂದು ಸ್ಕ್ರೂ

ನಮ್ಮ ಮನೆ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಬೇಕು ಅಂತ ಆಗಿದ್ದಲ್ಲ. ದೊಡ್ಡಪ್ಪ ಗುಂಪು ಮಾಡಿ, ಆಮೇಲೆ ಫೋನ್ ಬದಲಾಯಿಸಿ, ಅದು ಹೇಗೋ ನನ್ನ ತಲೆಗೆ ಬಂತು. ಮೊನ್ನೆ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ 143 ಮೆಸೇಜು. ಯಾರಿಗೋ ಏನೋ ಆಗಿಹೋಯಿತು ಅಂತ ಎದೆ ಧಸಕ್ಕೆಂದಿತು. ಏನೂ ಆಗಿರಲಿಲ್ಲ. ರಘು ಮಾವ ಒಂದು ಫಾರ್ವರ್ಡ್ ಹಾಕಿದ್ದರು, ಅಷ್ಟೇ.

ಫಾರ್ವರ್ಡ್ ಹೀಗಿತ್ತು: "ಕಂಪ್ಯೂಟರ್ ಟೆಕ್ನಿಷಿಯನ್ ಆಗಲು ಸುವರ್ಣಾವಕಾಶ!! ಕಾಂಪ್‌ಟಿಯಾ ಎ ಪ್ಲಸ್ ಸರ್ಟಿಫಿಕೇಟ್ ಕೇವಲ 7 ದಿನಗಳಲ್ಲಿ!! ಒಂದೇ ಪರೀಕ್ಷೆ, 220-1101! ಪುಸ್ತಕ ಓದುವ ಅಗತ್ಯವಿಲ್ಲ, ಪರೀಕ್ಷೆಯಲ್ಲಿ ಬರುವ ನಿಜವಾದ ಪ್ರಶ್ನೆಗಳೇ ನಿಮ್ಮ ಕೈಗೆ! ಒಮ್ಮೆ ಪಾಸಾದರೆ ಜೀವನಪೂರ್ತಿ ನಿಶ್ಚಿಂತೆ! ನಿಮ್ಮ ಮನೆಯ ನಿರುದ್ಯೋಗಿ ಯುವಕರಿಗೆ ತಪ್ಪದೆ ಕಳಿಸಿ."

ಎ ಪ್ಲಸ್ ಅಂದರೆ ಕಂಪ್ಯೂಟರ್ ರಿಪೇರಿ ಕೆಲಸ ಗೊತ್ತಿದೆ ಅಂತ ಕಾಂಪ್‌ಟಿಯಾ ಅನ್ನುವ ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು. ಫಾರ್ವರ್ಡಿನ ಕೆಳಗೆ ಮಾವ ಕಿಟ್ಟಿಯ ಹೆಸರು ಹಾಕಿ "ನೋಡಪ್ಪಾ" ಅಂತ ಬರೆದಿದ್ದರು. ಕಿಟ್ಟಿ ನಮ್ಮ ಸುಮ ಚಿಕ್ಕಮ್ಮನ ಮಗ, ಮೂರು ತಿಂಗಳಿಂದ ಇದೇ ಪರೀಕ್ಷೆಗೆ ಓದುತ್ತಿದ್ದಾನೆ. ಮಾವನಿಗೆ ಅದು ಗೊತ್ತಿತ್ತು. ಒಳ್ಳೆಯದಾಗಲಿ ಅಂತಲೇ ಕಳಿಸಿದ್ದು. ಆದರೆ "ನಿರುದ್ಯೋಗಿ ಯುವಕರಿಗೆ" ಅನ್ನುವ ಸಾಲು ಹಾಗೇ ಉಳಿದುಹೋಗಿತ್ತು, ಅದೇ ಎಡವಟ್ಟಾಯಿತು.

ಮೊದಲ ಉತ್ತರ ದೊಡ್ಡಪ್ಪನದು.

ದೊಡ್ಡಪ್ಪ: ಉತ್ತಮ ಮಾಹಿತಿ ರಘು. ಎಲ್ಲರೂ ಓದಬೇಕಾದದ್ದು.

ನಾಲ್ಕು ನಿಮಿಷ ಬಿಟ್ಟು ಮತ್ತೆ ಅವರದೇ, ಸೂರ್ಯೋದಯದ ಚಿತ್ರದ ಸಮೇತ:

ದೊಡ್ಡಪ್ಪ: ಆದರೆ ಇಂದಿನ ಮಕ್ಕಳಿಗೆ ಒಂದು ಮಾತು. ಶಾರ್ಟ್‌ಕಟ್ ಎಂಬುದಿಲ್ಲ. ನಾವು ಟೈಪಿಂಗ್ ಕಲಿಯಲು ಎರಡು ವರ್ಷ ತೆಗೆದುಕೊಂಡೆವು. ಪರಿಶ್ರಮವೇ ಎಲ್ಲ.

ಏಳು ದಿನದಲ್ಲಿ ಓದದೇ ಪಾಸು ಮಾಡಿಸುವ ಮೆಸೇಜನ್ನು ಹೊಗಳಿ, ಅದರ ಕೆಳಗೇ ಪರಿಶ್ರಮದ ಪಾಠ! ದೊಡ್ಡಪ್ಪ ಅದನ್ನು ಓದಿರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಅವರ ಮಗಳು ವಾಣಿ ಅಕ್ಕನಿಗೆ ಬೇಕಿತ್ತು. ಅವಳಿಗೆ ಎಲ್ಲದಕ್ಕೂ ಬೇಕು.

ವಾಣಿ: ಮಾವ, ಇದು ಎಲ್ಲಿಂದ ಬಂತು? ಬರೆದವರು ಯಾರು?

ರಘು ಮಾವ: ನನ್ನ ಫ್ರೆಂಡ್ ಕಳಿಸಿದ್ದಮ್ಮ. ಅವರ ಹತ್ತಿರ ಆ ಸರ್ಟಿಫಿಕೇಟ್ ಇದೆ.

ವಾಣಿ: ಫ್ರೆಂಡ್ ಹತ್ತಿರ ಇದ್ದರೆ ಆ ಮೆಸೇಜು ನಿಜ ಆಗಲ್ಲ. ಮೊದಲನೆಯದು, ಪರೀಕ್ಷೆ ಒಂದಲ್ಲ, ಎರಡು. ಕೋರ್ 1, ಕೋರ್ 2. ಎರಡೂ ಪಾಸಾದರೆ ಮಾತ್ರ ಎ ಪ್ಲಸ್. ಎರಡನೆಯದು, 1101 ಅನ್ನೋ ನಂಬರಿನ ಪರೀಕ್ಷೆ 2025ರ ಸೆಪ್ಟೆಂಬರ್ 25ಕ್ಕೇ ನಿಂತುಹೋಯಿತು. ಈಗ ಇರೋದು 1201 ಮತ್ತು 1202. ಮೂರನೆಯದು, ಜೀವನಪೂರ್ತಿ ಅನ್ನೋದು ಸುಳ್ಳು, ಮೂರೇ ವರ್ಷ, ಆಮೇಲೆ ನವೀಕರಿಸಬೇಕು.

ರಘು ಮಾವ: ನನ್ನ ಫ್ರೆಂಡಿಗೆ ಜೀವನಪೂರ್ತಿ ಅಂತಲೇ ಇದೆ. ಕಾಗದ ನಾನೇ ನೋಡಿದ್ದೇನೆ. ನಾನು ಸುಳ್ಳು ಹೇಳುತ್ತೇನಾ?

ವಾಣಿ: ನೀವು ಸುಳ್ಳು ಅಂತ ಹೇಳಿಲ್ಲ ಮಾವ. ಮೆಸೇಜು ಸುಳ್ಳು.

ರಘು ಮಾವ: ಎರಡೂ ಒಂದೇ.

ತಮಾಷೆ ಏನೆಂದರೆ ಇಬ್ಬರದೂ ಸರಿ. 2010ರ ಕೊನೆಯವರೆಗೆ ಪಾಸಾದವರಿಗೆ ಅದು ನಿಜಕ್ಕೂ ಜೀವನಪೂರ್ತಿ ಇತ್ತು. 2011ರಿಂದ ಮೂರು ವರ್ಷದ ಲೆಕ್ಕ ಬಂತು. ಮಾವನ ಫ್ರೆಂಡ್ ಹಳಬರು. ಇದನ್ನು ನಾನು ಮಧ್ಯದಲ್ಲಿ ಬರೆದೆ ಕೂಡ. ಯಾರೂ ನೋಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಸುಮ ಚಿಕ್ಕಮ್ಮ ಬಂದಿದ್ದರು.

ಸುಮ ಚಿಕ್ಕಮ್ಮ: ರಘು ಅಣ್ಣ, ನನ್ನ ಮಗ ನಿರುದ್ಯೋಗಿ ಅಂತ ಎಲ್ಲರ ಎದುರು ಹಾಕಬೇಕಿತ್ತಾ? ಅವನು ಓದುತ್ತಿದ್ದಾನೆ.

ರಘು ಮಾವ: ಅಯ್ಯೋ ಅದು ಫಾರ್ವರ್ಡಿನಲ್ಲಿ ಇದ್ದದ್ದಮ್ಮ.

ಸುಮ ಚಿಕ್ಕಮ್ಮ: ಹೋದ ಸಲ ಪುಸ್ತಕ ಕೊಟ್ಟಾಗಲೂ ಹೀಗೇ ಆಯಿತು.

ಈ ಪುಸ್ತಕದ ಕಥೆ ಸ್ವಲ್ಪ ಹೇಳಬೇಕು. ರಘು ಮಾವನ ಮಗ ಪ್ರಸನ್ನ ಒಂದು ಕಾಲದಲ್ಲಿ ಇದೇ ಪರೀಕ್ಷೆ ಬರೆಯುತ್ತೇನೆ ಅಂತ ಇಟ್ಟಿಗೆ ಗಾತ್ರದ ಪುಸ್ತಕ ಕೊಂಡಿದ್ದ. ಬರೆಯಲಿಲ್ಲ. ಪುಸ್ತಕ ಮಾನಿಟರ್ ಎತ್ತರ ಮಾಡಲು ಕೆಲಸಕ್ಕೆ ಬಂತು. ಕಿಟ್ಟಿ ಓದುತ್ತಾನೆ ಅಂತ ಗೊತ್ತಾದಾಗ ಮಾವ ಅದನ್ನು ಒರೆಸಿ, ಹೊಸ ಬೈಂಡು ಹಾಕಿ ಪ್ರೀತಿಯಿಂದ ಕೊಟ್ಟರು. ಚಿಕ್ಕಮ್ಮನಿಗೆ ಖುಷಿಯೋ ಖುಷಿ. ಪುಸ್ತಕದ ಖರ್ಚು ಉಳಿಯಿತಲ್ಲ! ಕಿಟ್ಟಿ ಒಂದು ತಿಂಗಳು ಓದಿದ ಮೇಲೆ ನೋಡುತ್ತಾನೆ, ಅದು 901 ಸರಣಿ, 2019ರಲ್ಲೇ ನಿಂತುಹೋದ ಪರೀಕ್ಷೆ. ಅದರಲ್ಲಿ ವಿಂಡೋಸ್ ವಿಸ್ಟಾ ಬಗ್ಗೆ ಪುಟಗಟ್ಟಲೆ ಇದೆ. ವಿಂಡೋಸ್ 11 ಇಲ್ಲವೇ ಇಲ್ಲ.

ವಾಣಿ: ಹಳೇ ಸರಣಿ ಪುಸ್ತಕ ಕೊಡುವ ಮುಂಚೆ ರಟ್ಟಿನ ಮೇಲಿನ ನಂಬರ್ ನೋಡಬೇಕು ಮಾವ.

ರಘು ಮಾವ: ಬೈಂಡು ಹಾಕಿಸಿದ್ದೆನಲ್ಲ, ರಟ್ಟು ಎಲ್ಲಿ ಕಾಣಬೇಕು?

ಪ್ರಸನ್ನ: ಅಯ್ಯೋ ಆ ಪುಸ್ತಕ! ಅದು ನೋಡಿದರೆ ಆ ದಿನಗಳೇ ನೆನಪಾಗುತ್ತವೆ. ದೊಡ್ಡ ಮಾವನ ಮನೆಯ ಮೊದಲ ಕಂಪ್ಯೂಟರ್ ನೆನಪಿದೆಯಾ ಯಾರಿಗಾದರೂ? ಮಾನಿಟರಿಗೆ ಹೂವಿನ ಬಟ್ಟೆ ಹೊದಿಸಿರುತ್ತಿದ್ದರು. ಸಿಪಿಯುಗೆ ಬೇರೆ, ಕೀಬೋರ್ಡಿಗೆ ಬೇರೆ. ಇಂಟರ್ನೆಟ್ ಹಚ್ಚಿದರೆ ಕೀಂಯ್ ಕರ್‍ರ್ ಅಂತ ಶಬ್ದ, ಅಷ್ಟರಲ್ಲಿ ಯಾರಾದರೂ ಫೋನ್ ಎತ್ತಿದರೆ ಎಲ್ಲಾ ಮುಗಿಯಿತು. ಆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸದ್ದಿಗೆ ಅಜ್ಜಿ ಎದ್ದು ಕೂರುತ್ತಿದ್ದರು.

ಇದಕ್ಕೆ ಹದಿನೇಳು ಜನ ಹೃದಯ ಒತ್ತಿದರು. ಶೋಭತ್ತೆ ಹಳೇ ಫೋಟೋ ಹಾಕಿದರು. ಅಲ್ಲಿಂದ ಮೂವತ್ತು ಮೆಸೇಜು ಅಜ್ಜಿಯ ಬಗ್ಗೆ. ಫಾರ್ವರ್ಡ್ ಮೇಲೆಲ್ಲೋ ಹೋಯಿತು. ನನಗೂ ಕಣ್ಣು ತೇವ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ದೊಡ್ಡಪ್ಪ ಮರೆಯುವವರಲ್ಲ.

ದೊಡ್ಡಪ್ಪ: ಕಂಪ್ಯೂಟರ್ ನೆನಪಿದೆ ಪ್ರಸನ್ನ. ಅದನ್ನು ನೀನು ಧೂಳು ಹೊಡೆಯುತ್ತೇನೆ ಅಂತ ಬಿಚ್ಚಿದ್ದೂ ನೆನಪಿದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದದ್ದೂ ನೆನಪಿದೆ.

ಪ್ರಸನ್ನ: ಮಾವ, ಅದು ಕಂಪನಿಯವರೇ ಜಾಸ್ತಿ ಹಾಕಿದ್ದು ಅಂತ ಆಗಲೇ ಹೇಳಿದ್ದೆ.

ದೊಡ್ಡಪ್ಪ: ಜಾಸ್ತಿ ಆಗಿದ್ದರೆ ಆ ದಿನದಿಂದ ಗೊರ್ ಅಂತ ಯಾಕೆ ಸದ್ದು ಮಾಡುತ್ತಿತ್ತು? ಆ ಸ್ಕ್ರೂ ಇನ್ನೂ ನನ್ನ ಮಾತ್ರೆ ಡಬ್ಬಿಯಲ್ಲಿದೆ.

ಹೇಳಿ ಸುಮ್ಮನಾಗಲಿಲ್ಲ, ಫೋಟೋ ತೆಗೆದು ಹಾಕಿದರು. ಅಂಗೈ ಮೇಲೆ ಒಂದು ಸ್ಕ್ರೂ.

ವಾಣಿ: ಅಪ್ಪ, ಅದು ಫ್ಯಾನಿನ ಸ್ಕ್ರೂ. ಮೈ ಮೇಲಿನ ದಪ್ಪ ಸುರುಳಿ ಗೆರೆ ನೋಡಿ. ಅದಕ್ಕೇ ಫ್ಯಾನ್ ಅಲುಗಾಡಿ ಸದ್ದು ಬರುತ್ತಿತ್ತು.

ಇಷ್ಟು ವರ್ಷದ ಕೇಸು ಒಂದು ಸಾಲಿನಲ್ಲಿ ತೀರ್ಮಾನ ಆಯಿತು! ಪ್ರಸನ್ನ "ನನಗೆ ಕೆಲಸ ಇದೆ" ಅಂತ ಹೇಳಿ ಹೋದ. ಭಾನುವಾರ.

ಇದೆಲ್ಲ ನಡೆಯುವಾಗ ಕಿಟ್ಟಿ ಎಲ್ಲಿದ್ದ? ಆನ್‌ಲೈನ್ ಇದ್ದ. ಎಲ್ಲಾ ಓದುತ್ತಿದ್ದ. ಅವನ ಬಗ್ಗೆ ನೂರು ಮೆಸೇಜು ಬಂದರೂ ಅವನನ್ನು ಒಬ್ಬರೂ ಏನೂ ಕೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಘು ಮಾವ ಇನ್ನೊಂದು ಸಲ ಕೆದಕಿದರು.

ರಘು ಮಾವ: ಎಲ್ಲಾ ಸರಿ, ಆದರೆ ನಿಜವಾದ ಪ್ರಶ್ನೆಗಳು ಸಿಕ್ಕರೆ ತೆಗೆದುಕೊಳ್ಳಲು ಏನು ನಷ್ಟ? ದುಡ್ಡು ಉಳಿಯುತ್ತದೆ. ಅವರಪ್ಪ ಒಬ್ಬನೇ ದುಡಿಯುವುದು, ನಾನು ಅದನ್ನೇ ಯೋಚನೆ ಮಾಡಿ ಹಾಕಿದ್ದು.

ಇದಕ್ಕೆ ಚಿಕ್ಕಮ್ಮ ಏನಾದರೂ ಬರೆದು ರಾಮಾಯಣ ಆಗುವ ಮುಂಚೆ ಕಿಟ್ಟಿ ಬಾಯಿ ಬಿಟ್ಟ. ಅವನು ಗುಂಪಿನಲ್ಲಿ ಇಷ್ಟುದ್ದ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ.

ಕಿಟ್ಟಿ: ಮಾವ, ನೀವು ಒಳ್ಳೆಯದಕ್ಕೇ ಹಾಕಿದ್ದು ಗೊತ್ತು. ಅದಕ್ಕೆ ಡಂಪ್ ಅನ್ನುತ್ತಾರೆ, ಕದ್ದ ಪ್ರಶ್ನೆಗಳು. ಅದರಲ್ಲಿ ಉತ್ತರಗಳೂ ಎಷ್ಟೋ ಕಡೆ ತಪ್ಪಿರುತ್ತವೆ. ಸಿಕ್ಕಿಬಿದ್ದರೆ ಫಲಿತಾಂಶ ರದ್ದು ಮಾಡಬಹುದು, ಮುಂದೆ ಬರೆಯಲೂ ಬಿಡದೇ ಇರಬಹುದು. ಇನ್ನು ದುಡ್ಡಿನ ವಿಷಯ. ಓದೋಕೆ ನನಗೆ ಹೆಚ್ಚುಕಮ್ಮಿ ಏನೂ ಖರ್ಚಾಗಿಲ್ಲ. ಯಾವ್ಯಾವ ವಿಷಯ ಬರುತ್ತದೆ ಅನ್ನುವ ಪಟ್ಟಿಯನ್ನು ಕಾಂಪ್‌ಟಿಯಾದವರೇ ಪುಕ್ಕಟೆ ಕೊಡುತ್ತಾರೆ. ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ, ಗೊತ್ತಾದದ್ದಕ್ಕೆ ಗೆರೆ ಎಳೆಯೋದು. ಪ್ರೊಫೆಸರ್ ಮೆಸ್ಸರ್ ಅಂತ ಒಬ್ಬರು ಪೂರ್ತಿ ಪಾಠ ಯೂಟ್ಯೂಬಿನಲ್ಲಿ ಪುಕ್ಕಟೆ ಹಾಕಿದ್ದಾರೆ. ವರ್ಚುವಲ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಒಂದೇ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಮಾಡಿ ಎಷ್ಟು ಬೇಕಾದರೂ ಕೆಡಿಸಬಹುದು, ಅದೂ ಪುಕ್ಕಟೆ. ನಿಮ್ಮ ಪುಸ್ತಕವೂ ಪೂರ್ತಿ ದಂಡ ಆಗಿಲ್ಲ. ಲೇಸರ್ ಪ್ರಿಂಟರ್ ಕೆಲಸ ಮಾಡುವ ಏಳು ಹಂತ, ನೆಟ್‌ವರ್ಕಿನಲ್ಲಿ ಒಂದೊಂದು ಸೇವೆಗೂ ಇರುವ ಪೋರ್ಟ್ ನಂಬರುಗಳು ಅದರಿಂದಲೇ ಕಲಿತೆ. 22, 53, 443, 3389, ಅವು ಬದಲಾಗಿಲ್ಲ. ಖರ್ಚು ಇರೋದು ಪರೀಕ್ಷೆಯ ವೋಚರಿನಲ್ಲಿ, ಅಂದರೆ ಪರೀಕ್ಷೆ ಬರೆಯಲು ದುಡ್ಡು ಕೊಟ್ಟು ಕೊಳ್ಳುವ ಚೀಟಿಯಲ್ಲಿ, ಒಂದೊಂದು ಪರೀಕ್ಷೆಗೆ ಒಂದೊಂದು. ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ಅದಕ್ಕೇ ಎರಡೂ ಒಟ್ಟಿಗೆ ಕೊಂಡಿಲ್ಲ. ಮಾದರಿ ಪರೀಕ್ಷೆಯಲ್ಲಿ ಸತತ ಒಳ್ಳೆ ಅಂಕ ಬಂದ ಮೇಲೇ ಮೊದಲನೆಯದು ಕೊಳ್ಳೋದು. ಏಳು ದಿನದಲ್ಲಿ ಬರೆದು ಫೇಲಾಗೋದೇ ಎಲ್ಲಕ್ಕಿಂತ ದುಬಾರಿ ಮಾವ.

ಇದನ್ನು ನಾನು ಎರಡು ಸಲ ಓದಿದೆ. ಬೆಳಿಗ್ಗೆಯಿಂದ ಬಂದ ಮೆಸೇಜುಗಳಲ್ಲಿ ಉಪಯೋಗಕ್ಕೆ ಬರುವಂಥದ್ದು ಇದೊಂದೇ. ಉತ್ತರ ಬಂದದ್ದು ಹೀಗೆ:

ದೊಡ್ಡಪ್ಪ: ಪಾಸಾಗಲು ಎಷ್ಟು ಅಂಕ?

ಕಿಟ್ಟಿ: ಕೋರ್ 1ಕ್ಕೆ 675, ಕೋರ್ 2ಕ್ಕೆ 700. 900ಕ್ಕೆ.

ದೊಡ್ಡಪ್ಪ: ಹಾಗಾದರೆ ನೂರಕ್ಕೆ 75. ನಮ್ಮ ಕಾಲದಲ್ಲಿ 35 ಸಾಕಿತ್ತು.

ವಾಣಿ: ಅಪ್ಪ, ಅದು ಶೇಕಡಾ ಅಲ್ಲ. ಆ ಅಳತೆ ಶುರುವಾಗೋದೇ 100ರಿಂದ.

ದೊಡ್ಡಪ್ಪ: ಏನೂ ಬರೆಯದಿದ್ದರೂ ನೂರಾ? ಒಳ್ಳೆ ಪರೀಕ್ಷೆ.

ಸುಮ ಚಿಕ್ಕಮ್ಮ: ಮನೆಯಿಂದಲೇ ಬರೆಯಬಹುದಂತೆ ಹೌದಾ ಕಿಟ್ಟಿ?

ಕಿಟ್ಟಿ: ಬರೆಯಬಹುದಮ್ಮ. ಆದರೆ ಕ್ಯಾಮೆರಾ ಹಾಕಿ ನೋಡುತ್ತಿರುತ್ತಾರೆ. 90 ನಿಮಿಷ ಆ ಕೋಣೆಗೆ ಯಾರೂ ಬರಬಾರದು, ಯಾರ ಮಾತೂ ಕೇಳಿಸಬಾರದು.

ಚಿಕ್ಕಮ್ಮನಿಂದ ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಬಂತು: "ಸೆಂಟರಿಗೇ ಹೋಗಿ ಬರಿ."

ಎಲ್ಲಾ ತಣ್ಣಗಾಯಿತು ಅಂದುಕೊಂಡೆ. ರಘು ಮಾವ ಕೈ ಮುಗಿಯುವ ಚಿತ್ರ ಹಾಕಿ "ಒಳ್ಳೆಯದಾಗಲಿ" ಅಂದಿದ್ದರು. ಫಾರ್ವರ್ಡ್ ಅಳಿಸಲಿಲ್ಲ, ಅದು ಬೇರೆ ಮಾತು. ಆಗ ಕಿಟ್ಟಿ ಕೇಳಿದ:

ಕಿಟ್ಟಿ: ದೊಡ್ಡಪ್ಪ, ಒಂದು ವಿಷಯ. ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುವುದನ್ನು ವಿಡಿಯೋ ನೋಡಿ ಕಲಿಯೋಕೆ ಆಗಲ್ಲ. ನಿಮ್ಮ ಹತ್ತಿರ ಆ ಹಳೇ ಲ್ಯಾಪ್‌ಟಾಪ್ ಸುಮ್ನೆ ಇದೆ ಅಲ್ವಾ? ಒಂದು ವಾರ ಕೊಡುತ್ತೀರಾ?

ನಾಲ್ಕು ಗಂಟೆ ಗುಂಪಿನಲ್ಲಿ ಉಸಿರಿಲ್ಲ. ದೊಡ್ಡಪ್ಪ ಓದಿದ್ದರು. ವಾಣಿ ಅಕ್ಕ ನನಗೆ ಬೇರೆಯಾಗಿ ಮೆಸೇಜು ಮಾಡಿದಳು: "ಅಪ್ಪ ಲ್ಯಾಪ್‌ಟಾಪ್ ತಿರುಗಿಸಿ ಇಟ್ಟುಕೊಂಡು ಕೂತಿದ್ದಾರೆ. ಏನು ಮಾಡುತ್ತಿದ್ದಾರೋ ಗೊತ್ತಿಲ್ಲ."

ಸಂಜೆ ಉತ್ತರ ಬಂತು.

ದೊಡ್ಡಪ್ಪ: ಬಂದು ತೆಗೆದುಕೊಂಡು ಹೋಗು. ಪ್ರಸನ್ನನಿಗೆ ಮುಟ್ಟಿಸಬೇಡ.

ಕಿಟ್ಟಿ ಹುಷಾರು ಹುಡುಗ. ಗುರುವಾರ ರಾತ್ರಿ ಫೋಟೋ ಹಾಕಿದ. ಒಂದು ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅದೇ ಜಾಗದಲ್ಲಿ ಅಂಟಿಸಿದ್ದಾನೆ. ಯಾಕೆ ಅಂದರೆ ಎಲ್ಲಾ ಒಂದೇ ಉದ್ದ ಇರಲ್ಲವಂತೆ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಒಳಗಿನ ಬೋರ್ಡೇ ಹಾಳಾಗಬಹುದು. ಬ್ಯಾಟರಿ ತಂತಿ ಮೊದಲು ತೆಗೆದದ್ದು, ರ್‍ಯಾಮ್ ತೆಗೆದು ಹಾಕಿದ್ದು, ಫ್ಯಾನಿನ ಧೂಳು, ಎಲ್ಲದರ ಫೋಟೋ. ಕೊನೆಗೆ ಆನ್ ಆದ ಪರದೆ.

ಕಿಟ್ಟಿ: ಬಿಚ್ಚಿ ಜೋಡಿಸಿದೆ ದೊಡ್ಡಪ್ಪ. ಮೊದಲಿಗಿಂತ ತಣ್ಣಗೆ ಓಡುತ್ತಿದೆ. ಕೆಳಗಿನ 11 ಸ್ಕ್ರೂ ಎಲ್ಲಾ ವಾಪಸ್ ಹಾಕಿದ್ದೇನೆ.

ಎಲ್ಲರೂ ಚಪ್ಪಾಳೆ ಹಾಕಿದರು. ರಘು ಮಾವ ಮೂರು ಸಲ ಹಾಕಿದರು. ಪ್ರಸನ್ನ ಕೂಡ "ಭೇಷ್ ಕಣೋ" ಅಂದ.

ದೊಡ್ಡಪ್ಪ: 12 ಇತ್ತು. ಕೊಡುವ ಮುಂಚೆ ಎಣಿಸಿದ್ದೇನೆ.