ಅಪ್‌ಡೇಟ್: ಅಮ್ಮನ ಫಿಟ್ಸ್ ಮಾತ್ರೆ, ಮುರಿದ ಮಣಿಕಟ್ಟು

ಹೋದ ತಿಂಗಳು ಕೋಲಾರದಿಂದ ಕೇಳಿದ್ದೆ, ನೆನಪಿದೆಯಾ? ಅಮ್ಮ 18 ವರ್ಷದಿಂದ ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ತಿದ್ದಾರೆ, ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಮಣಿಕಟ್ಟು ಮುರಿಯಿತು, ಯಾಕೆ ಅಂತ.

ವಿಟಮಿನ್ ಡಿ ಟೆಸ್ಟ್, ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಡಿ ಬರೀ 9 ಇತ್ತು. 20ಕ್ಕಿಂತ ಕೆಳಗಿದ್ದರೇ ಕೊರತೆ. ಸ್ಕ್ಯಾನ್‌ನಲ್ಲಿ ಬಂದ ಟಿ-ಸ್ಕೋರ್ ಮೈನಸ್ 2.7, ಅಂದರೆ ಮೂಳೆ ಸವೆದಿದೆ.

ಗೊತ್ತಿಲ್ಲದ ವಿಷಯ ಏನಪ್ಪಾ ಅಂದರೆ, ಈ ಫಿಟ್ಸ್ ಮಾತ್ರೆಯಿಂದ ಲಿವರ್ ವಿಟಮಿನ್ ಡಿಯನ್ನು ಬೇಗ ಬೇಗ ಒಡೆದುಹಾಕುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿನೇ ಇದೆ, ಆದರೆ ಡಿ ಇಲ್ಲದೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. "ಹಂಗಾದ್ರೆ ಇಷ್ಟು ವರ್ಷ ಮುದ್ದೆ ನುಂಗಿದ್ದು ದಂಡವಾ?" ಅಂತ ಅಮ್ಮ ಡಾಕ್ಟರನ್ನೇ ಕೇಳಿದರು!

ಕೆಲವರು ಹೇಳಿದಂತೆ ಎಣ್ಣೆ ತಿಕ್ಕಿದ್ದು ಹಿತವಾಯಿತು ಅಷ್ಟೇ. ಫಿಟ್ಸ್ ಮಾತ್ರೆ ನಿಲ್ಲಿಸಿ ಅಂದಿದ್ದರಲ್ಲ ಒಬ್ಬರು, ಅದನ್ನು ಡಾಕ್ಟರ್ ಹತ್ತಿರ ಕೇಳಿ ನಾನೇ ಬೈಸಿಕೊಂಡೆ. ದಿಢೀರನೆ ಬಿಟ್ಟರೆ ಫಿಟ್ಸ್ ಜೋರಾಗಿ ಬರಬಹುದು.

ಈಗ ವಾರಕ್ಕೊಮ್ಮೆ ಡಿ, ದಿನಾ ಕ್ಯಾಲ್ಸಿಯಂ. ಆದರೆ ಫೆನಿಟಾಯಿನ್ ಜೊತೆಗಲ್ಲ, ಎರಡು ಗಂಟೆ ಬಿಟ್ಟು. ಡಿ ಸರಿಹೋದ ಮೇಲೆ ಮೂಳೆಯ ಔಷಧಿ ಶುರು. ಬಚ್ಚಲಿಗೆ ಹಿಡಿದುಕೊಳ್ಳೋಕೆ ಕಂಬಿ ಹಾಕಿಸಿದ್ದೇವೆ. ಅಮ್ಮ ಸದ್ಯಕ್ಕೆ ಅದರ ಮೇಲೆ ಟವಲ್ ಒಣಗಿಸುತ್ತಿದ್ದಾರೆ.