ಪುಟದ ಅಗಲ: ‘ಫಿಕ್ಸೆಡ್’, ‘ಫ್ಲೆಕ್ಸಿಬಲ್’ ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವೆಬ್‌ಸೈಟ್ ಕಟ್ಟುವುದನ್ನು ಕನ್ನಡದಲ್ಲಿ ಹೇಳಿಕೊಡುವ ಪಾಠ ಬರೆಯುತ್ತಿದ್ದೇನೆ. ಪುಟದ ಅಗಲದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

‘ಫಿಕ್ಸೆಡ್’, ಅಂದರೆ ಪರದೆ ಎಷ್ಟೇ ದೊಡ್ಡದಿದ್ದರೂ ಬದಲಾಗದ ಅಗಲ, ಅನ್ನುವುದಕ್ಕೆ ‘ಸ್ಥಿರ ಅಗಲ’ ಎಂಬ ಪದ ಬಳಕೆಯಲ್ಲಿದೆ. ನನಗೆ ಅದು ಒಗ್ಗುತ್ತಿಲ್ಲ. ಪುಟದ ರೂಪ, ಜೋಡಣೆಗಳನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಇನ್ನೊಂದು ಫಿಕ್ಸೆಡ್ ಇದೆ: ಪುಟ ಎಷ್ಟೇ ಸರಿಸಿದರೂ ಪರದೆಯ ಮೇಲೆ ಇದ್ದಲ್ಲೇ ಇರುವ ಮೆನು. ಸ್ಥಿರ ಅಂದರೆ ಅದು. ಅಗಲದ ವಿಷಯ ಬೇರೆ. 1024 ಪಿಕ್ಸೆಲ್ ಪರದೆಗಳ ಕಾಲದಲ್ಲಿ ಪುಟಕ್ಕೆ 960 ಪಿಕ್ಸೆಲ್ ಇಡುತ್ತಿದ್ದರು. ಅಂಕಣಗಳಿಗೆಂದು 12 ಭಾಗ ಮಾಡಿದರೂ 16 ಭಾಗ ಮಾಡಿದರೂ ಶೇಷ ಉಳಿಯದ ಸಂಖ್ಯೆ ಅದು. ಬಸ್ ಚಾರ್ಜಿನ ಹಾಗೆ, ಮೊದಲೇ ಗೊತ್ತುಮಾಡಿದ ಅಳತೆ. ಹಾಗಾಗಿ ‘ನಿಗದಿ ಅಗಲ’ ಅನ್ನಬಹುದು ಅಲ್ವಾ?

‘ಫ್ಲೆಕ್ಸಿಬಲ್’, ಅಂದರೆ ಪರದೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುವ ಅಗಲ, ಇನ್ನೂ ಕಷ್ಟ. ‘ನಮ್ಯ’ ಅಂದರೆ ನಿಘಂಟು ತೆಗೆಯಬೇಕು. ‘ಬಳುಕುವ’ ಅಂದರೆ ಬಳ್ಳಿಯೋ ಬೆತ್ತವೋ ಕಣ್ಣಿಗೆ ಬರುತ್ತದೆ, ಪುಟ ಬಾಗುವುದಿಲ್ಲವಲ್ಲ. ‘ಹೊಂದಿಕೊಳ್ಳುವ’ ಒಳ್ಳೆಯ ಪದ, ಆದರೆ ಅದನ್ನು ‘ರೆಸ್ಪಾನ್ಸಿವ್’ಗೆ ಉಳಿಸಿಕೊಳ್ಳೋಣ. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಆ ಹೆಸರು ಕೊಟ್ಟಾಗ ಅದರಲ್ಲಿ ಮೂರು ಸಂಗತಿ ಇದ್ದವು. ಶೇಕಡಾ ಲೆಕ್ಕದ ಅಗಲ ಒಂದು. ಚಿತ್ರಗಳೂ ಜೊತೆಗೆ ಕುಗ್ಗಬೇಕು, ಪರದೆ ನೋಡಿಕೊಂಡು ಜೋಡಣೆಯೇ ಬದಲಾಗಬೇಕು. ಬರೀ ಅಗಲಕ್ಕೆ ಅಷ್ಟು ದೊಡ್ಡ ಪದ ಜಾಸ್ತಿಯಾಯಿತು.

ನನ್ನ ಓಟು ‘ಹಿಗ್ಗು-ಕುಗ್ಗು ಅಗಲ’ಕ್ಕೆ. ‘ಹಿಗ್ಗದೆ ಕುಗ್ಗದೆ’ ಅನ್ನುವಾಗ ಇವು ಮನಸ್ಸಿನ ಮಾತು, ನಿಜ. ಆದರೆ ಕಬ್ಬಿಣ ಕಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಕ್ಕಿಹಾಕಿಕೊಂಡಿರುವುದು ಮೂರನೆಯದರಲ್ಲಿ. ಅಗಲವನ್ನು ‘ಎಮ್’ ಅಳತೆಯಲ್ಲಿ, ಅಂದರೆ ಅಕ್ಷರದ ಗಾತ್ರದ ಲೆಕ್ಕದಲ್ಲಿ, ಕೊಟ್ಟರೆ ಅಕ್ಷರ ದೊಡ್ಡದಾದಂತೆ ಅಂಕಣವೂ ಅಗಲವಾಗುತ್ತದೆ. ಇಂಗ್ಲಿಷಿನವರು ಎಲಾಸ್ಟಿಕ್ ಅನ್ನುತ್ತಾರೆ. ಕನ್ನಡಕ್ಕೆ ಇದು ತುಂಬಾ ಬೇಕು. ‘ಮಾಡಬೇಕಾಗಿರುವುದರಿಂದ’ ಅನ್ನುವಂಥ ಪದಗಳು ನಮ್ಮಲ್ಲಿ ಹೆಜ್ಜೆಗೊಂದು. ನಿಗದಿ ಅಗಲದ ಅಂಕಣದಲ್ಲಿ ಅಕ್ಷರ ಹಿರಿದು ಮಾಡಿಕೊಂಡು ಓದುವ ಹಿರಿಯರಿಗೆ ಸಾಲಿಗೆ ಎರಡೇ ಪದ ಸಿಗುತ್ತವೆ. ಭೌತಶಾಸ್ತ್ರದ ‘ಸ್ಥಿತಿಸ್ಥಾಪಕ’ ಇಲ್ಲಿ ಹೊಂದುವುದಿಲ್ಲ. ಅದು ಎಳೆದು ಬಿಟ್ಟಾಗ ಮೊದಲಿನಂತಾಗುವ ಗುಣ. ‘ಅಕ್ಷರದಳತೆಯ ಅಗಲ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು, ನಾಲಿಗೆಗೆ ಸುಲಭವಾದದ್ದು ನಿಮಗೆ ಹೊಳೆಯುತ್ತದಾ?